ಹಲ್ಲಿನ ಲೆಕ್ಕವೂ ಗಾಲಿಯ ಗತಿಯೂ

ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಕನ್ನಡ ಪಂಡಿತನಾದ ನಾನು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆಯುವೆನೆಂದು ಅವರು ಊಹಿಸಿದ್ದಿರಬೇಕು. ಆದರೆ ಈ ವರ್ಷ ನನ್ನ ಮನಸ್ಸನ್ನು ಬಹುಕಾಲ ಹಿಡಿದಿಟ್ಟ ವಿಷಯವು ಒಂದು ಹಳೆಯ ಜೀಪಿನ ಹಿಂದಿನ ಅಚ್ಚಿನೊಳಗಿರುವ ಹಲ್ಲುಗಾಲಿಗಳದ್ದು. ಆದುದರಿಂದ ಅದನ್ನೇ ಇಲ್ಲಿ ವಿವರಿಸಲು ಹೊರಟಿದ್ದೇನೆ.

ಪಂಡಿತರಿಗೆ ಇದೇಕೆ ಬೇಕಿತ್ತೆಂದು ಯಾರಾದರೂ ಕೇಳಬಹುದು. ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರನ್ನೂ ಪೂಜ್ಯಸ್ಥಾನದಲ್ಲಿರಿಸಿಕೊಂಡ ಪರಂಪರೆ ನಮ್ಮದು. ಕೈಕೆಲಸದೊಳಗೆ ಅಡಗಿರುವ ವಿವೇಕವನ್ನು ತಿಳಿಯಲೆತ್ನಿಸುವುದು ಆ ಪರಂಪರೆಗೆ ಹೊರಗಾದ ಮಾತಲ್ಲ. ಅಲ್ಲದೆ ನಮ್ಮ ಶಾಲೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗಳಿಂದ ಬರುವ ಮಕ್ಕಳಲ್ಲಿ ಬಹುಮಂದಿ ರೈತರ ಮಕ್ಕಳು. ಅವರ ಮನೆಯಂಗಳದಲ್ಲಿ ಒಂದು ಕಾಲಕ್ಕೆ ಎತ್ತಿನ ಬಂಡಿ ನಿಂತಿದ್ದ ಜಾಗದಲ್ಲಿ ಇಂದು ಟ್ರ್ಯಾಕ್ಟರೋ ಜೀಪೋ ನಿಂತಿದೆ. ಬಂಡಿಯ ಮರ್ಮವನ್ನು ಅಜ್ಜಂದಿರು ಬಲ್ಲವರಾಗಿದ್ದರು; ಮೋಟಾರಿನ ಮರ್ಮವನ್ನು ಮೊಮ್ಮಕ್ಕಳು ಬಲ್ಲವರಾಗಬೇಡವೆ?

ಈ ವಿಚಾರಕ್ಕೆ ನನ್ನನ್ನು ಎಳೆದವನು ನನ್ನ ಸೋದರಳಿಯ. ನ್ಯಾಮತಿಯ ಕಡೆ ಮನೆ ಮಾಡಿಕೊಂಡಿರುವ ಆತನಿಗೆ ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟ. ಹೆಂಡತಿಯ ತವರು ಜಗಳೂರು, ಅಲ್ಲಿಯ ಬೆದ್ದಲು ಹೊಲದ ಮೇಲ್ವಿಚಾರಣೆಯೂ ಆತನದೇ. ಎರಡೂ ಕಡೆಗೆ ಓಡಾಡಲು ಒಂದು ಹಳೆಯ ಜೀಪನ್ನು ಇಟ್ಟುಕೊಂಡಿದ್ದಾನೆ. ಮೂಲತಃ ಪೆಟ್ರೋಲಿನದಾಗಿದ್ದ ಆ ಜೀಪಿಗೆ ಹಿಂದಿನ ಮಾಲೀಕರೇ ಡೀಸೆಲ್ ಎಂಜಿನ್ನನ್ನು ಕೂರಿಸಿ, ನೋಂದಣಿ ಪುಸ್ತಕದಲ್ಲಿಯೂ ದಾಖಲಿಸಿದ್ದರು. ಜಗಳೂರಿನ ದಾರಿಯಲ್ಲಿ ಎಂಜಿನ್ನು ಅರಚಿಕೊಳ್ಳುವುದೇ ವಿನಾ ಜೀಪು ಮುಂದೆ ಹೋಗುವುದಿಲ್ಲವೆಂಬುದು ಆತನ ದೂರು. ಒಂದು ಗ್ಯಾರೇಜಿನವರು ಹಿಂದಿನ ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳನ್ನು ಬದಲಾಯಿಸಿದರೆ ವೇಗವೂ ಹೆಚ್ಚುವುದು, ಡೀಸೆಲ್ಲೂ ಉಳಿಯುವುದು ಎಂದರಂತೆ. ಆತ ಒಪ್ಪಿ ಬದಲಾಯಿಸಿದ. ಎರಡು ತಿಂಗಳ ಮೇಲೆ ಲೆಕ್ಕದ ಪುಸ್ತಕವನ್ನು ಹಿಡಿದು ನನ್ನಲ್ಲಿಗೆ ಬಂದು, “ಮಾವ, ಲೀಟರಿಗೆ ಹತ್ತು ಕಿಲೋಮೀಟರು ಕೊಡುತ್ತಿದ್ದ ಗಾಡಿ ಈಗ ಒಂಬತ್ತಕ್ಕೆ ಇಳಿದಿದೆ. ದುಡ್ಡು ಕೊಟ್ಟು ನಷ್ಟವನ್ನು ಕೊಂಡಂತಾಯಿತು” ಎಂದು ಕುಳಿತ. ನನಗೆ ಮೋಟಾರಿನ ಜ್ಞಾನವಿಲ್ಲ. ಹೊನ್ನಾಳಿಯಲ್ಲಿ ಗ್ಯಾರೇಜನ್ನು ನಡೆಸುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಇಬ್ಬರೂ ಹೋದೆವು. ಮುಂದೆ ಬರೆಯುವುದರಲ್ಲಿ ತಿರುಳಾದುದೆಲ್ಲ ಆ ಶಿಷ್ಯನಿಂದ ನಾನು ಕಲಿತದ್ದು.

ಬಂಡಿಯ ಗಾಲಿ, ಮೋಟಾರಿನ ಗಾಲಿ

ಮೊದಲು ಎತ್ತಿನ ಬಂಡಿಯನ್ನು ನೋಡೋಣ. ಬಂಡಿಯ ಅಚ್ಚು ತಿರುಗುವುದಿಲ್ಲ. ಅಚ್ಚಿನ ಎರಡು ತುದಿಗಳಲ್ಲಿ ಗಾಲಿಗಳು ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಅವು ಕಳಚಿ ಬೀಳದಂತೆ ಕಡಾಣಿ ಹಿಡಿದಿರುತ್ತದೆ. ಬಂಡಿಯನ್ನು ಎಡಕ್ಕೆ ತಿರುಗಿಸಿದಾಗ ಎಡಗಾಲಿ ಕಡಿಮೆ ದೂರವನ್ನೂ ಬಲಗಾಲಿ ಹೆಚ್ಚು ದೂರವನ್ನೂ ಕ್ರಮಿಸಬೇಕಾಗುತ್ತದೆ. ಎರಡು ಗಾಲಿಗಳ ನಡುವಣ ಅಂತರವು 1.2 ಮೀಟರ್ ಎಂದಿಟ್ಟುಕೊಂಡರೆ, ಒಂದು ಪೂರ್ಣ ವೃತ್ತವನ್ನು ಸುತ್ತಿ ಬರುವಷ್ಟರಲ್ಲಿ ಹೊರಗಿನ ಗಾಲಿಯು ಒಳಗಿನದಕ್ಕಿಂತ ಸುಮಾರು ಏಳೂವರೆ ಮೀಟರು ಹೆಚ್ಚು ನಡೆದಿರುತ್ತದೆ. ವೃತ್ತವು ದೊಡ್ಡದಾದರೂ ಚಿಕ್ಕದಾದರೂ ಈ ವ್ಯತ್ಯಾಸ ಅಷ್ಟೇ ಎಂಬುದನ್ನು ಗಣಿತದ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಬಂಡಿಯ ಗಾಲಿಗಳು ಒಂದಕ್ಕೊಂದು ಕಟ್ಟುಬಿದ್ದಿಲ್ಲವಾದ್ದರಿಂದ ಈ ವ್ಯತ್ಯಾಸವು ಅಲ್ಲಿ ತೊಡಕಾಗುವುದಿಲ್ಲ.

ಮೋಟಾರಿನ ಸ್ಥಿತಿ ಬೇರೆ. ಬಂಡಿಯನ್ನು ಎತ್ತುಗಳು ಮುಂದಿನಿಂದ ಎಳೆಯುತ್ತವೆ. ಗಾಲಿಗಳು ಸುಮ್ಮನೆ ಹಿಂಬಾಲಿಸುತ್ತವೆ. ಮೋಟಾರಿನಲ್ಲಿಯಾದರೋ ಎಂಜಿನ್ನಿನ ಬಲವು ಗಾಲಿಗಳಿಗೇ ಬರಬೇಕು, ಗಾಲಿಗಳೇ ನೆಲವನ್ನು ತಳ್ಳಿ ಗಾಡಿಯನ್ನು ಮುಂದೊಯ್ಯಬೇಕು. ಎರಡೂ ಗಾಲಿಗಳನ್ನು ಒಂದೇ ಸಲಾಕೆಗೆ ಬಿಗಿದರೆ ಅವು ಸದಾ ಸಮಾನವಾಗಿ ತಿರುಗಬೇಕಾಗಿ ಬಂದು, ಪ್ರತಿಯೊಂದು ತಿರುವಿನಲ್ಲಿಯೂ ಒಂದು ಗಾಲಿ ನೆಲವನ್ನು ಉಜ್ಜಿಕೊಂಡು ಹೋಗಬೇಕಾಗುತ್ತದೆ. ಬಲ ಒಂದೇ ಕಡೆಯಿಂದ ಬರಬೇಕು. ಆದರೆ ಎರಡು ಗಾಲಿಗಳಿಗೂ ತಮ್ಮ ತಮ್ಮ ಗತಿಯ ಸ್ವಾತಂತ್ರ್ಯವಿರಬೇಕು. ಈ ಎರಡು ವಿರುದ್ಧ ಅಪೇಕ್ಷೆಗಳನ್ನು ಒಟ್ಟಿಗೆ ಈಡೇರಿಸುವ ಉಪಕರಣವೇ ಡಿಫರೆನ್ಷಿಯಲ್. ಗತಿಭೇದಕ್ಕೆ ಎಡೆಮಾಡಿಕೊಡುವುದರಿಂದ ಇದನ್ನು ಕನ್ನಡದಲ್ಲಿ ‘ಭೇದಕ’ ಎಂದು ಕರೆಯಬಹುದು. ಆದರೂ ಜನರ ಬಾಯಲ್ಲಿ ನೆಲೆಯಾಗಿರುವ ಹೆಸರನ್ನೇ ನಾನು ಬಳಸುತ್ತೇನೆ. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕರ್ ಎಂಬಾತನು 1827–28ರ ಸುಮಾರಿನಲ್ಲಿ, ಆವಿಯ ಬಂಡಿಗಾಗಿ, ಇಂಥ ರಚನೆಗೆ ಪೇಟೆಂಟ್ ಪಡೆದನು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಅದನ್ನು ಮೂರು ಗಾಲಿಯ ಸೈಕಲ್ಲಿಗೆ ಅಳವಡಿಸಿದನು. ಇಂದಿನ ವಿದ್ಯುತ್ ಕಾರುಗಳಲ್ಲಿ ಕೂಡ ಈ ರಚನೆ ಮರೆಯಾಗಿಲ್ಲ.

ಜೀಪಿನ ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಕಬ್ಬಿಣದ ಭಾಗವನ್ನು ಎಲ್ಲರೂ ನೋಡಿರುತ್ತಾರೆ. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟು ಅದರೊಳಗೆ ಹೊಕ್ಕು ಒಂದು ಚಿಕ್ಕ ಹಲ್ಲುಗಾಲಿಯಲ್ಲಿ ಕೊನೆಗೊಳ್ಳುತ್ತದೆ, ಇದು ಪಿನಿಯನ್. ಅದು ಒಂದು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಇದು ಕ್ರೌನ್. ಕ್ರೌನಿಗೆ ಬಿಗಿದಿರುವ ಗೂಡಿನೊಳಗೆ ಮತ್ತೂ ಚಿಕ್ಕ ಹಲ್ಲುಗಾಲಿಗಳಿವೆ. ಗತಿಭೇದವನ್ನು ಸಾಧಿಸುವವು ಇವೇ. ಇವುಗಳ ಧರ್ಮವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಎಡಗಾಲಿಯ ಸುತ್ತುಗಳನ್ನೂ ಬಲಗಾಲಿಯ ಸುತ್ತುಗಳನ್ನೂ ಕೂಡಿದರೆ ಬರುವ ಮೊತ್ತವು ಸದಾ ಕ್ರೌನಿನ ಸುತ್ತುಗಳ ಎರಡರಷ್ಟು. ಕ್ರೌನ್ 100 ಸುತ್ತು ತಿರುಗಿದಾಗ ನೇರ ದಾರಿಯಲ್ಲಿ ಎರಡೂ ಗಾಲಿಗಳು ನೂರು ನೂರು ಸುತ್ತುತ್ತವೆ. ತಿರುವಿನಲ್ಲಿ ಒಂದು 90, ಇನ್ನೊಂದು 110. ಹೊನ್ನಾಳಿಯ ಗದ್ದೆಯ ಕೆಸರಿನಲ್ಲಿ ಒಂದು ಗಾಲಿ ಹೂತು ಜಾರತೊಡಗಿದರೆ ಅದೇ 200 ಸುತ್ತುಗಳನ್ನೂ ನುಂಗಿಬಿಡುತ್ತದೆ. ಗಟ್ಟಿ ನೆಲದ ಮೇಲಿರುವ ಮತ್ತೊಂದು ಗಾಲಿ ಅಲುಗುವುದೇ ಇಲ್ಲ. ಕೆಸರಿನಲ್ಲಿ ಸಿಕ್ಕಿದ ಗಾಡಿಯ ಒಂದೇ ಗಾಲಿ ಗಿರ್ರನೆ ತಿರುಗುವುದನ್ನು ಕಂಡವರಿಗೆ ಇದರ ಕಾರಣ ಈಗ ತಿಳಿದಿರಬೇಕು.

ಪ್ರಮಾಣವೆಂದರೇನು?

ಡಿಫರೆನ್ಷಿಯಲ್ ಬದಲಾಯಿಸುವುದೆಂದು ಗ್ಯಾರೇಜಿನಲ್ಲಿ ಆಡುವ ಮಾತಿಗೆ ಬಹುಮಟ್ಟಿಗೆ ಅರ್ಥ, ಕ್ರೌನ್ ಮತ್ತು ಪಿನಿಯನ್ನುಗಳ ಜೋಡಿಯನ್ನು ಬದಲಾಯಿಸುವುದು ಎಂದು. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದರ ಪ್ರಮಾಣ. ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8 ಹಲ್ಲು, ಪ್ರಮಾಣ 5.38. ಎಂದರೆ ಶಾಫ್ಟು 5.38 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ 39ಕ್ಕೆ 8, ಅಂದರೆ 4.88 ಇತ್ತು. 47ಕ್ಕೆ 11 ಹಲ್ಲುಗಳ ಜೋಡಿಯ ಪ್ರಮಾಣ 4.27. ಈ ಮೂರು ಜೋಡಿಗಳಲ್ಲಿಯೂ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲವೆಂಬುದನ್ನು ಗಮನಿಸಬೇಕು. ಹೀಗಿದ್ದರೆ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸುತ್ತದೆ. ಸವೆತವು ಯಾವ ಒಂದು ಹಲ್ಲಿನ ಪಾಲಿಗೂ ಬೀಳದೆ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಪ್ರಮಾಣದ ಫಲವನ್ನು ಲೆಕ್ಕದಿಂದ ಕಾಣಬಹುದು. ಜೀಪಿನ ಗಾಲಿಯ ವ್ಯಾಸ ಸುಮಾರು 72 ಸೆಂಟಿಮೀಟರ್ ಎಂದರೆ ಅದರ ಪರಿಧಿ 2.26 ಮೀಟರ್. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,000 ಮೀಟರ್. ಆಗ ಗಾಲಿಯು ನಿಮಿಷಕ್ಕೆ ಸುಮಾರು 442 ಸುತ್ತು ತಿರುಗುತ್ತದೆ. ಹಳೆಯ ಜೀಪಿನ ಮೇಲಿನ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಸಮಾನವಾಗಿ ತಿರುಗುವುದರಿಂದ, 5.38ರ ಪ್ರಮಾಣವಿದ್ದರೆ ಎಂಜಿನ್ನು ನಿಮಿಷಕ್ಕೆ ಸುಮಾರು 2,380 ಸುತ್ತು, 4.88 ಇದ್ದರೆ 2,160, 4.27 ಇದ್ದರೆ 1,890 ಸುತ್ತು ತಿರುಗಬೇಕು. ಆ ಕಾಲದ ಜೀಪಿನ ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 4,000 ಸುತ್ತಿನಲ್ಲಿ ತನ್ನ ಪೂರ್ಣಶಕ್ತಿಯನ್ನು ತೋರುವಂಥದ್ದು, 5.38 ಅದಕ್ಕೆ ಒಪ್ಪಿತ್ತು. ಮುಂದೆ ಪೆಟ್ರೋಲಿನ ಬೆಲೆಗೆ ಅಂಜಿ ಮಲೆನಾಡಿನವರೂ ಅರೆಮಲೆನಾಡಿನವರೂ ತಮ್ಮ ಜೀಪುಗಳಿಗೆ ಡೀಸೆಲ್ ಎಂಜಿನ್ನನ್ನು ಕೂರಿಸಿಕೊಳ್ಳತೊಡಗಿದರು. ಡೀಸೆಲ್ ಎಂಜಿನ್ನಿನ ಸ್ವಭಾವ ನಿಧಾನವಾಗಿ ತಿರುಗಿ ಬಲವಾಗಿ ಎಳೆಯುವುದು. ಅಂಥ ಎಂಜಿನ್ನನ್ನು ನಿಮಿಷಕ್ಕೆ 2,800 ಸುತ್ತಿಗೆ ಮೀರಿಸಬಾರದೆಂದು ಇಟ್ಟುಕೊಂಡರೆ, 5.38ರ ಅಚ್ಚಿನೊಡನೆ ಜೀಪಿನ ವೇಗ ಗಂಟೆಗೆ 71 ಕಿಲೋಮೀಟರಿಗೆ ನಿಂತುಹೋಗುತ್ತದೆ, 4.27 ಇದ್ದರೆ 89 ಕಿಲೋಮೀಟರಿಗೆ ಏರುತ್ತದೆ. ಎಂಜಿನ್ನು ಅರಚುತ್ತದೆ, ಗಾಡಿ ಹೋಗುವುದಿಲ್ಲ ಎಂಬ ನನ್ನ ಅಳಿಯನ ದೂರಿನ ಮೂಲ ಇಲ್ಲಿತ್ತು. ಹಲ್ಲುಗಾಲಿಯ ಬದಲಾವಣೆ ಅಕಾರಣವಾದುದಾಗಿರಲಿಲ್ಲ.

ಆದರೆ ಲೋಕದಲ್ಲಿ ಯಾವುದೂ ಬಿಟ್ಟಿಯಾಗಿ ಬರುವುದಿಲ್ಲ. ಸನ್ನೆಗೋಲಿನಿಂದ ಬಂಡೆಯನ್ನು ಎತ್ತುವಾಗ ಉದ್ದನೆಯ ತುದಿಯನ್ನು ಹಿಡಿದವನು ಹೆಚ್ಚು ದೂರ ಒತ್ತುತ್ತಾನೆ, ಆದರೆ ಕಡಿಮೆ ಬಲದಿಂದ ಒತ್ತುತ್ತಾನೆ. ಗಿಡ್ಡ ತುದಿಯನ್ನು ಹಿಡಿದವನ ಶ್ರಮ ಇದಕ್ಕೆ ವಿಪರೀತ. ಹಲ್ಲುಗಾಲಿಯೂ ಒಂದು ಸುತ್ತುವ ಸನ್ನೆಗೋಲೇ. ಮೂರು ಗೇರಿನ ಹಳೆಯ ಪೆಟ್ಟಿಗೆಯಲ್ಲಿ ಮೊದಲನೆಯ ಗೇರಿನ ಪ್ರಮಾಣ ಸುಮಾರು 2.8. ಅದನ್ನು 5.38ರಿಂದ ಗುಣಿಸಿದರೆ 15, 4.27ರಿಂದ ಗುಣಿಸಿದರೆ 12. ಎಂದರೆ ಎಂಜಿನ್ನಿನ ತಿರುಚುಬಲವು ಮೊದಲು ಹದಿನೈದು ಪಟ್ಟಾಗಿ ಗಾಲಿಗೆ ತಲುಪುತ್ತಿದ್ದರೆ ಈಗ ಹನ್ನೆರಡು ಪಟ್ಟಾಗಿ ಮಾತ್ರ ತಲುಪುತ್ತದೆ. ವೇಗದಲ್ಲಿ ಗಳಿಸಿದ್ದನ್ನು ಎಳೆತದಲ್ಲಿ ಕಳೆದುಕೊಂಡಂತಾಯಿತು. ಐದು ಎತ್ತುಗಳ ಕೆಲಸಕ್ಕೆ ನಾಲ್ಕನ್ನು ಹೂಡಿದಂತೆ.

ಆದ್ದರಿಂದ ಯಾವ ಪ್ರಮಾಣ ಶ್ರೇಷ್ಠ ಎಂಬ ಪ್ರಶ್ನೆಗೆ ನೆಲವನ್ನು ಬಿಟ್ಟು ಉತ್ತರವಿಲ್ಲ. ಜಗಳೂರಿನದು ಬಹುಪಾಲು ಬಯಲು ನೆಲ, ಒಣ ಸೀಮೆ, ನೀಳವಾದ ದಾರಿಗಳು. ಹಗುರ ಹೊರೆಯೊಡನೆ ದೂರ ಓಡುವ ಗಾಡಿಗೆ ಅಲ್ಲಿ 4.27 ಹಿತವಾದೀತು. ನ್ಯಾಮತಿಯ ಕಡೆ ತೀರ್ಥರಾಮೇಶ್ವರದ ಬೆಟ್ಟದ ಏರಿನಲ್ಲಿ, ಚನ್ನಗಿರಿಯ ತೋಟದ ಇಳಿಜಾರಿನಲ್ಲಿ, ಭದ್ರಾ ನಾಲೆಯ ನೀರುಂಡು ಮೆತ್ತಗಾದ ಹೊನ್ನಾಳಿಯ ಗದ್ದೆಯ ಬದಿಯಲ್ಲಿ, ಗೊಬ್ಬರವನ್ನೋ ಅಡಿಕೆ ಗೊನೆಗಳನ್ನೋ ಹೇರಿಕೊಂಡು ತೆವಳುವ ಗಾಡಿಗೆ 5.38ರ ಎಳೆತವೇ ಬೇಕು. ಅಲ್ಲಿ 4.27 ಇದ್ದರೆ ಚಾಲಕನು ಏರಿನಲ್ಲಿ ಕ್ಲಚ್ಚನ್ನು ಅರ್ಧ ಒತ್ತಿ ಒತ್ತಿ ಅದನ್ನು ಸುಟ್ಟುಕೊಳ್ಳುತ್ತಾನೆ. ಮೇಲಿನ ಗೇರಿನಲ್ಲಿ ಹೋಗಬೇಕಾದ ಕಡೆ ಕೆಳಗಿನ ಗೇರಿನಲ್ಲಿ ಹೋಗುತ್ತಾನೆ. ಉಳಿಯಬೇಕಾದ ಡೀಸೆಲ್ಲು ಉಳಿಯುವುದೇ ಇಲ್ಲ.

ಆದೇಶದ ಧರ್ಮ

ಈಗ ನನ್ನ ಶಾಸ್ತ್ರದ ಒಂದು ಮಾತನ್ನು ಇಲ್ಲಿ ತರಲು ವಾಚಕರು ಅಪ್ಪಣೆ ಕೊಡಬೇಕು. ವ್ಯಾಕರಣದಲ್ಲಿ ಒಂದು ವರ್ಣವನ್ನು ತೆಗೆದು ಅದರ ಸ್ಥಾನದಲ್ಲಿ ಮತ್ತೊಂದು ವರ್ಣವನ್ನು ತರುವುದಕ್ಕೆ ಆದೇಶವೆಂದು ಹೆಸರು. ಮಳೆ, ಕಾಲ ಎಂಬೆರಡು ಪದಗಳು ಸೇರಿ ಮಳೆಗಾಲವಾದಾಗ ಕಕಾರ ಹೋಗಿ ಗಕಾರ ಬರುತ್ತದೆ. ಆದರೆ ಈ ಗಕಾರ ತನ್ನಷ್ಟಕ್ಕೆ ತಾನು ಬರುವುದಿಲ್ಲ. ನೆರೆಯ ಪದದೊಡನೆ ಹೊಂದುವುದಕ್ಕಾಗಿಯೇ ಬರುತ್ತದೆ. ನೆರೆಹೊರೆಯನ್ನು ನೋಡದೆ ಆದೇಶವನ್ನು ತಂದರೆ ಪದ ಕೆಡುತ್ತದೆ. ಜೀಪಿನಲ್ಲಿಯೂ ಹಲ್ಲುಗಾಲಿಯ ಆದೇಶವಾದ ಮೇಲೆ ಅದರ ನೆರೆಹೊರೆಗಳನ್ನು ಹೊಂದಿಸಬೇಕು. ನನ್ನ ಅಳಿಯನ ಗಾಡಿಯಲ್ಲಿ ಅದು ಆಗಿರಲಿಲ್ಲ.

ಮೊದಲನೆಯ ನೆರೆ ಸ್ಪೀಡೊಮೀಟರ್. ಹಳೆಯ ಜೀಪಿನಲ್ಲಿ ಈ ಮೀಟರಿಗೆ ಸುತ್ತು ದೊರೆಯುವುದು ಗಾಲಿಯಿಂದಲ್ಲ, ಶಾಫ್ಟಿನ ಕಡೆಯಿಂದ. ಗಾಲಿಯ ಒಂದು ಸುತ್ತಿಗೆ ಶಾಫ್ಟಿನ 5.38 ಸುತ್ತು ಎಂಬುದನ್ನು ನಂಬಿ ಅದು ದೂರವನ್ನು ಲೆಕ್ಕ ಹಾಕುತ್ತಿರುತ್ತದೆ. ಹಲ್ಲುಗಾಲಿ ಬದಲಾದ ಮೇಲೆ ಅದೇ ದೂರಕ್ಕೆ ಶಾಫ್ಟು 4.27 ಸುತ್ತು ಮಾತ್ರ ತಿರುಗುತ್ತದೆ. ಪಾಪ, ಮೀಟರಿಗೆ ಇದು ತಿಳಿಯದು. ಶಿಷ್ಯನು ನಮ್ಮಿಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊನ್ನಾಳಿಯಿಂದ ನ್ಯಾಮತಿಯ ದಾರಿ ಹಿಡಿದ. “ಗುರುಗಳೆ, ತಾವು ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ, ಇವರು ಮೀಟರನ್ನು ನೋಡಲಿ” ಎಂದ. ನಾನು ಹತ್ತು ಕಲ್ಲುಗಳನ್ನು ಎಣಿಸಿದಾಗ ಮೀಟರು ಎಂಟನ್ನೂ ಪೂರ್ತಿ ದಾಟಿರಲಿಲ್ಲ. 4.27ನ್ನು 5.38ರಿಂದ ಭಾಗಿಸಿದರೆ ಬರುವುದು 0.795, ಲೆಕ್ಕವೂ ಕಲ್ಲೂ ಒಂದೇ ಮಾತನ್ನು ಹೇಳಿದವು. ಹಾಗಾದರೆ ಮೀಟರಿನ ಒಂಬತ್ತು ಕಿಲೋಮೀಟರೆಂದರೆ ನೆಲದ ಮೇಲೆ ಹನ್ನೊಂದೂಕಾಲಕ್ಕಿಂತ ಹೆಚ್ಚು. ಅಳಿಯನ ಡೀಸೆಲ್ಲು ನಷ್ಟವಾಗಿರಲಿಲ್ಲ. ಆ ತಿಂಗಳುಗಳಲ್ಲಿ ಜಗಳೂರಿಗೆ ಹೆಚ್ಚಾಗಿ ಓಡಿದ್ದರಿಂದ ಉಳಿತಾಯವೇ ಆಗಿತ್ತು. ಅಳೆಯುವ ಕೋಲೇ ಬದಲಾಗಿದ್ದುದನ್ನು ಅರಿಯದೆ ಆತ ಲಾಭವನ್ನು ನಷ್ಟವೆಂದು ಬರೆದುಕೊಂಡಿದ್ದ.

ಅಳಿಯನ ಮುಖವು ಅರಳಿತು. ಆದರೆ ಶಿಷ್ಯನ ಮುಖ ಅರಳಲಿಲ್ಲ. “ಅಣ್ಣ, ಜಗಳೂರಿನ ದಾರಿಯಲ್ಲಿ ಮೀಟರಿನ ಮುಳ್ಳು ಎಷ್ಟರಲ್ಲಿ ಇರುತ್ತಿತ್ತು?” ಎಂದು ಕೇಳಿದ. ಅರವತ್ತರಲ್ಲಿ ಎಂದು ಉತ್ತರ ಬಂತು. “ಹಾಗಾದರೆ ನೀವು ಎಪ್ಪತ್ತೈದರಲ್ಲಿ ಓಡಿಸುತ್ತಿದ್ದಿರಿ” ಎಂದ. ನಾವಿಬ್ಬರೂ ಮಾತನಾಡಲಿಲ್ಲ. ಬ್ರೇಕು ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರವು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ಅರವತ್ತರಲ್ಲಿ ಬೇಕಾದುದಕ್ಕಿಂತ ಎಪ್ಪತ್ತೈದರಲ್ಲಿ ಒಂದೂವರೆ ಪಟ್ಟಿಗೂ ಮಿಕ್ಕಿದ ದೂರ ಬೇಕು. ಆ ಹಳೆಯ ಗಾಡಿಯ ಬ್ರೇಕುಗಳು ಇಂದಿನ ಕಾರುಗಳ ಬ್ರೇಕುಗಳಲ್ಲ. ಆ ಜೀಪಿನಲ್ಲಿ ನನ್ನ ತಂಗಿಯೂ ಮೊಮ್ಮಕ್ಕಳೂ ಎಷ್ಟೋ ಸಲ ಜಗಳೂರಿಗೆ ಹೋಗಿಬಂದಿದ್ದರು. ಮೀಟರಿನ ತಂತಿಯನ್ನು ತಿರುಗಿಸುವ ಪುಟ್ಟ ಹಲ್ಲುಗಾಲಿಯನ್ನು ಹೊಸ ಪ್ರಮಾಣಕ್ಕೆ ತಕ್ಕಂತೆ ಬದಲಾಯಿಸಬೇಕಾಗಿತ್ತು, ಇಲ್ಲವೆ ಮಾಲೀಕನಿಗೆ ಒಂದು ಮಾತನ್ನಾದರೂ ಹೇಳಬೇಕಾಗಿತ್ತು. ಎರಡೂ ಆಗಿರಲಿಲ್ಲ.

ಎರಡನೆಯ ನೆರೆ ಮುಂದಿನ ಅಚ್ಚು. ಜೀಪಿನಲ್ಲಿ ಬೇಕೆಂದಾಗ ಮುಂದಿನ ಗಾಲಿಗಳಿಗೂ ಬಲವನ್ನು ಕೊಡಬಹುದು. ಆಗ ಹಿಂದಿನ ಶಾಫ್ಟೂ ಮುಂದಿನ ಶಾಫ್ಟೂ ಒಂದಕ್ಕೊಂದು ಬಿಗಿದುಕೊಂಡು ಸಮನಾಗಿ ತಿರುಗುತ್ತವೆ. ಹಿಂದಿನ ಅಚ್ಚಿನಲ್ಲಿ 4.27, ಮುಂದಿನ ಅಚ್ಚಿನಲ್ಲಿ 5.38 ಇದ್ದರೆ ಗತಿಯೇನು? ಶಾಫ್ಟುಗಳು ನೂರು ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಗಾಲಿಗಳು ಸುಮಾರು 53 ಮೀಟರ್ ಹೋಗಬೇಕೆನ್ನುತ್ತವೆ, ಮುಂದಿನವು 42 ಮೀಟರ್ ಸಾಕೆನ್ನುತ್ತವೆ. ಒಂದೇ ಗಾಡಿಯ ಎರಡು ಕೊನೆಗಳು ಹನ್ನೊಂದು ಮೀಟರು ಭಿನ್ನವಾಗಿ ನಡೆಯುವುದೆಂತು? ಕೆಸರಿನಲ್ಲಿ ಗಾಲಿಗಳು ಜಾರಿ ಈ ಜಗಳವನ್ನು ಹೇಗೋ ಮುಚ್ಚಿಹಾಕುತ್ತವೆ. ಗಟ್ಟಿಯಾದ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ. ಯಾವುದಾದರೊಂದು ಭಾಗ ಮುರಿಯಲೇಬೇಕು. ಮಳೆ ಬಂದ ಮರುದಿನ ಚನ್ನಗಿರಿಯ ತೋಟದಲ್ಲಿ ಮುಂದಿನ ಗಾಲಿಗೂ ಬಲವನ್ನು ಕೊಟ್ಟು ಹೊರಬಂದ ಅಳಿಯ, ಅದನ್ನು ಬಿಡಿಸುವುದನ್ನು ಮರೆತು ಡಾಂಬರು ರಸ್ತೆಗೆ ಏರಿದಾಗ ಮುಂದಿನ ಅಚ್ಚಿನ ಜಾಯಿಂಟು ಮುರಿದಿತ್ತಂತೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಆತ ಅಂದು ಭಾವಿಸಿರಲೇ ಇಲ್ಲ. ನಾಲ್ಕು ಗಾಲಿಗೂ ಬಲವಿರುವ ಗಾಡಿಯಲ್ಲಿ ಒಂದು ಅಚ್ಚಿನ ಪ್ರಮಾಣವನ್ನು ಬದಲಾಯಿಸಿದವನು ಇನ್ನೊಂದರದನ್ನೂ ಬದಲಾಯಿಸಲೇಬೇಕು, ಇದಕ್ಕೆ ವಿಕಲ್ಪವಿಲ್ಲ.

ಮೂರನೆಯ ನೆರೆ ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಎಂಜಿನ್ನನ್ನು ಬದಲಾಯಿಸುವುದಕ್ಕೆ ಸಾರಿಗೆ ಕಚೇರಿಯ ಅನುಮತಿ ಬೇಕು. ಹಲ್ಲಿನ ಪ್ರಮಾಣವು ನೋಂದಣಿ ಪತ್ರದಲ್ಲಿ ಕಾಣಿಸುವ ವಿವರವಲ್ಲವೆಂದು ಉದಾಸೀನ ಮಾಡದೆ, ಕೆಲಸಕ್ಕೆ ಕೈಹಾಕುವ ಮೊದಲೇ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿ ತಿಳಿಯುವುದು ವಿವೇಕ.

ಕೆಲಸದ ಕ್ರಮ

ಅಚ್ಚನ್ನು ಬಿಚ್ಚದೆಯೇ ಅದರ ಪ್ರಮಾಣವನ್ನು ಅರಿಯುವ ಉಪಾಯವೊಂದಿದೆ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ನೆಲದ ಮೇಲೆ ಉಳಿಯುವ ಮೂರು ಗಾಲಿಗಳಿಗೂ ಹಿಂದೆ ಮುಂದೆ ಒತ್ತು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರಪಡಿಸಬೇಕು. ಗೇರು ನ್ಯೂಟ್ರಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಗಾಡಿಯನ್ನು ಆಗ ಹಿಡಿದಿರುವುದು ಒತ್ತು ಮಾತ್ರವಾದ್ದರಿಂದ ಅದರಲ್ಲಿ ಅಸಡ್ಡೆ ಕೂಡದು. ಶಾಫ್ಟಿನ ಮೇಲೂ ಗಾಲಿಯ ಮೇಲೂ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಎತ್ತಿದ ಗಾಲಿಯನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಮತ್ತೊಂದು ಗಾಲಿ ನಿಂತಿರುವುದರಿಂದ ಕ್ರೌನ್ ಒಂದೇ ಸುತ್ತು ತಿರುಗಿರುತ್ತದೆ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತಿತೋ ಅದೇ ಪ್ರಮಾಣ. ಮೇಲೆ ಹೇಳಿದ ಗಾಲಿಗಳ ಮೊತ್ತದ ಸೂತ್ರವು ಇಲ್ಲಿ ಕಣ್ಣಿಗೆ ಕಾಣುವಂತೆ ನಿಜವಾಗುತ್ತದೆ.

ಇನ್ನು ಜೋಡಿಸುವ ಕೆಲಸ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದರೊಡನೊಂದನ್ನು ಉಜ್ಜಿ ಜೊತೆಯಾಗಿಸಿ, ಎರಡರ ಮೇಲೂ ಒಂದೇ ಗುರುತು ಹಾಕಿರುತ್ತಾರೆ. ಒಂದು ಜೋಡಿಯ ಕ್ರೌನನ್ನು ಬೇರೊಂದು ಜೋಡಿಯ ಪಿನಿಯನ್ನಿನೊಡನೆ ಕೂಡಿಸಲಾಗದು. ಪಿನಿಯನ್ನು ಎಷ್ಟು ಒಳಗೆ ಕೂರಬೇಕು ಎಂಬುದನ್ನು ಶಿಮ್ ಎಂಬ ತೆಳುವಾದ ತಗಡುಗಳಿಂದ ಹೊಂದಿಸುತ್ತಾರೆ. ಹಲ್ಲಿಗೂ ಹಲ್ಲಿಗೂ ನಡುವೆ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನಿಂದ ಐದರಲ್ಲಿ ಒಂದು ಪಾಲಿನಷ್ಟು ಸಡಿಲ ಇರಬೇಕು. ಬಿಗಿಯಾದರೆ ಬಿಸಿಯೇರಿ ಸವೆಯುತ್ತದೆ, ಸಡಿಲವಾದರೆ ಬಡಿದುಕೊಂಡು ಮುರಿಯುತ್ತದೆ. ಹಲ್ಲುಗಳಿಗೆ ಬಣ್ಣವನ್ನು ಸವರಿ ತಿರುಗಿಸಿ, ಅಚ್ಚೊತ್ತಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುವುದುಂಟು; ಅದು ತುದಿಗೋ ಬುಡಕ್ಕೋ ಬಿದ್ದರೆ ಮತ್ತೆ ಬಿಚ್ಚಿ ಶಿಮ್ಮುಗಳನ್ನು ಸರಿಪಡಿಸಬೇಕು. ನನ್ನ ಶಿಷ್ಯ ಹೀಗೆ ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿದುದನ್ನು ನಾನೇ ಕುಳಿತು ನೋಡಿದೆ. ಹಿಂದೆ ಪದ್ಯವೊಂದರ ಅನ್ವಯವನ್ನು ತಪ್ಪು ಮಾಡಿದಾಗಲೆಲ್ಲ ಮತ್ತೆ ಮತ್ತೆ ಬರೆಸುತ್ತಿದ್ದ ನಾನು ಅಂದು ಸುಮ್ಮನೆ ಕುಳಿತಿದ್ದೆ. ಜೋಡಣೆಯಾದ ಮೇಲೆ ಇಂಥ ಹಲ್ಲುಗಾಲಿಗೆಂದೇ ಇರುವ ಗೇರ್ ಎಣ್ಣೆಯನ್ನು ತುಂಬಿ, ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಹೊರೆ ಹೇರದೆ, ನಡುನಡುವೆ ನಿಲ್ಲಿಸಿ ಆರಿಸಿಕೊಂಡು ಓಡಿಸಬೇಕು.

ಕೊನೆಗೆ ಅಳಿಯನ ಜೀಪು ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಮುಂದಿನ ಅಚ್ಚಿಗೂ 4.27ನ್ನು ಹಾಕಿಸುವುದು ಒಂದು ದಾರಿ; ಎರಡಕ್ಕೂ ನಡುವಣದಾದ 4.88ನ್ನು ಹಾಕಿಸುವುದು ಇನ್ನೊಂದು. ಮೊದಲಿದ್ದಂತೆ ಮಾಡಿಕೊಳ್ಳುವುದು ಮೂರನೆಯದು. ಶಿಷ್ಯ ಯಾವುದನ್ನೂ ಹೇರಲಿಲ್ಲ. ಒಂದು ತಿಂಗಳು ಗಾಡಿ ಎಲ್ಲೆಲ್ಲಿ ಎಷ್ಟು ದಿನ ದುಡಿಯುತ್ತದೆಂದು ಬರೆದಿಟ್ಟುಕೊಂಡು ಬನ್ನಿರೆಂದು ಕಳುಹಿಸಿದ. ಬರೆದು ನೋಡಿದರೆ ಬೆಳೆಯ ಕಾಲ ಕಳೆದ ಮೇಲೆ ಜಗಳೂರಿನ ಪಯಣ ತಿಂಗಳಿಗೆ ಎರಡೇ. ಉಳಿದ ದಿನಗಳೆಲ್ಲ ಚನ್ನಗಿರಿಯ ತೋಟದ ಹೊರೆಯಲ್ಲಿಯೇ ಕಳೆದಿದ್ದವು. ತೆಗೆದ ಹಳೆಯ ಜೋಡಿಯನ್ನು ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟದ್ದು ನನ್ನ ತಂಗಿಯ ಜಾಣತನ. ಅದೇ 5.38 ಮರಳಿ ತನ್ನ ಸ್ಥಾನಕ್ಕೆ ಬಂತು. ಮುಂದಿನ ಅಚ್ಚಿನೊಡನೆ ಹೊಂದಿಕೊಂಡಿತು. ಮೀಟರು ಮತ್ತೆ ಸತ್ಯವನ್ನು ನುಡಿಯಿತು. ಅಳಿಯ ಈಗ ಜಗಳೂರಿಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ.

ವಿದ್ಯಾರ್ಥಿ ಮಿತ್ರರೆ, ಬದಲಾವಣೆ ಕೂಡದೆಂದು ನಾನು ಹೇಳುತ್ತಿಲ್ಲ. ಜಗಳೂರಿನಲ್ಲಿಯೇ ಬಾಳುವವನಿಗೆ ಆ ಬದಲಾವಣೆಯೇ ಸರಿಯಾದುದಾಗಬಹುದಿತ್ತು. ಒಂದನ್ನು ತೆಗೆದು ಇನ್ನೊಂದನ್ನು ತರುವ ಮೊದಲು, ಏನನ್ನು ಪಡೆಯುತ್ತೇನೆ, ಅದಕ್ಕಾಗಿ ಏನನ್ನು ಕೊಡುತ್ತೇನೆ, ನೆರೆಯಲ್ಲಿರುವ ಯಾವುದು ಇದರಿಂದ ತಪ್ಪು ಹೇಳತೊಡಗುತ್ತದೆ ಎಂಬ ಮೂರನ್ನು ಕೇಳಿಕೊಳ್ಳಿರಿ ಎಂದಷ್ಟೇ ನನ್ನ ವಿಜ್ಞಾಪನೆ. ಇದನ್ನು ನನಗೆ ಕಲಿಸಿದವನು ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಆದೇಶ ಸಂಧಿಗೆ ಉದಾಹರಣೆ ಹೇಳಲಾರದೆ ನಿಂತಿದ್ದ ಹುಡುಗ. ಅಂದು ನಾನು ಅವನಿಗೆ ಕೊಡಲಾರದೆ ಹೋದ ಉದಾಹರಣೆಯನ್ನು ಇಂದು ಅವನೇ ನನಗೆ ಕೊಟ್ಟನು. ಅಂಥ ಶಿಷ್ಯರ ಕಾಯಕಕ್ಕೆ ಶುಭವನ್ನು ಕೋರಿ ಈ ಬರೆಹವನ್ನು ಮುಗಿಸುತ್ತೇನೆ.